ಚೀಲ ಬದಲಿಸುವ ಮೊದಲು: ನಾಯಿಯ ಕೆರೆತಕ್ಕೂ ಭೇದಿಗೂ ಕಾರಣ ಹುಡುಕುವ ಬಗೆ

ನಾಯಿ ರಾತ್ರಿಯಿಡೀ ಪಾದ ನೆಕ್ಕುತ್ತದೆ. ಕಿವಿ ಕೆರೆದು ಕೆರೆದು ಕೆಂಪಾಗಿದೆ. ವಾರಕ್ಕೆ ಎರಡು ಸಲವಾದರೂ ಮಲ ನೀರಾಗುತ್ತದೆ. ನೀವು ಈಗಾಗಲೇ ಎರಡು ಮೂರು ಬಗೆಯ ಆಹಾರ ತಂದು ನೋಡಿದ್ದೀರಿ. ಪ್ರತಿ ಸಲ ಮೊದಲ ವಾರ ವಾಸಿಯಾದ ಹಾಗೆ ಕಾಣುತ್ತದೆ, ಆಮೇಲೆ ಮತ್ತೆ ಅದೇ ಪಾಡು. ನಾಲ್ಕನೆಯ ಚೀಲ ಯಾವುದು ತರೋದು ಅಂತ ಯೋಚಿಸುತ್ತಿದ್ದರೆ, ಸದ್ಯಕ್ಕೆ ತರಬೇಡಿ.

ನಮ್ಮ ಮನೆಯ ನಾಯಿ ಬೆಳ್ಳಿಯ ವಿಷಯದಲ್ಲಿ ನಾನು ಒಂದೂವರೆ ವರ್ಷ ಹೀಗೇ ಕಳೆದೆ. ಕೋಳಿಯ ಆಹಾರ ಬಿಟ್ಟು ಕುರಿ, ಕುರಿ ಬಿಟ್ಟು ಮೀನು. ಒಂದು ದಿನ ಮೂರೂ ಚೀಲಗಳ ಹಿಂಬದಿಯನ್ನು ಪಕ್ಕಪಕ್ಕ ಇಟ್ಟು ಓದಿದೆ. ಮೂರರಲ್ಲೂ ಕೋಳಿ ಇತ್ತು. ಮುಂದೆ ದೊಡ್ಡದಾಗಿ ‘ಕುರಿ’ ಅಂತ ಬರೆದಿದ್ದ ಚೀಲದ ಪಟ್ಟಿಯಲ್ಲಿ ಮೂರನೆಯ ಹೆಸರೇ ಕೋಳಿ ಮಾಂಸದ ಪುಡಿ. ಮೀನಿನ ಚೀಲದಲ್ಲಿ ಕೋಳಿ ಕೊಬ್ಬು. ಅಷ್ಟು ತಿಂಗಳು ಅವಳು ಕೆರೆದುಕೊಂಡಿದ್ದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅದಕ್ಕೇ ಈ ಬರಹದಲ್ಲಿ ದೋಷ ಹುಡುಕುವುದು ಮೊದಲು, ಆಹಾರ ಆರಿಸುವುದು ಆಮೇಲೆ.

ಮನೆಯಲ್ಲಿ ಕಾಯಬಾರದ ಲಕ್ಷಣಗಳು

ಇವು ಕಂಡರೆ ಆಹಾರದ ಲೆಕ್ಕಾಚಾರ ಬಿಟ್ಟು ಅದೇ ದಿನ ಪಶುವೈದ್ಯರ ಹತ್ತಿರ ಹೋಗಿ:

- ಹೊಟ್ಟೆ ಉಬ್ಬಿದೆ, ವಾಂತಿ ಮಾಡಲು ಒದ್ದಾಡುತ್ತದೆ, ಆದರೆ ಏನೂ ಹೊರಬರುತ್ತಿಲ್ಲ. ಇದು ಹೊಟ್ಟೆ ತಿರುಚಿಕೊಂಡಿರುವುದರ ಲಕ್ಷಣ ಇರಬಹುದು. ಗಂಟೆಗಳಲ್ಲೇ ಪ್ರಾಣಕ್ಕೆ ಅಪಾಯ.
- ಮಲ ಟಾರಿನ ಹಾಗೆ ಕಪ್ಪಗಿದೆ, ಅಥವಾ ರಕ್ತ ಜಾಸ್ತಿ ಹೋಗುತ್ತಿದೆ.
- ಮತ್ತೆ ಮತ್ತೆ ವಾಂತಿ, ನೀರೂ ನಿಲ್ಲುತ್ತಿಲ್ಲ, ನಾಯಿ ಮಂಕಾಗಿ ಮಲಗಿಬಿಟ್ಟಿದೆ.
- ಮರಿಗೆ ವಾಂತಿ ಭೇದಿ ಶುರುವಾಗಿದೆ, ಲಸಿಕೆ ಪೂರ್ತಿಯಾಗಿಲ್ಲ. ಪಾರ್ವೊ ಎಂಬ ಅಪಾಯಕಾರಿ ವೈರಸ್ ಸೋಂಕು ಇರಬಹುದು.
- ಮುಖ, ಕಣ್ಣಿನ ಸುತ್ತ ಇದ್ದಕ್ಕಿದ್ದಂತೆ ಊತ.
- ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಮೇಲೆತ್ತಿ ನಿಲ್ಲುತ್ತದೆ, ಜೊತೆಗೆ ವಾಂತಿ. ಹೊಟ್ಟೆನೋವಿಗೆ ನಾಯಿಗಳು ಹೀಗೆ ನಿಲ್ಲುತ್ತವೆ. ಮೇದೋಜೀರಕ ಗ್ರಂಥಿಯ ಉರಿಯೂತದಲ್ಲಿ ಇದು ಕಾಣುತ್ತದೆ.

ಉಳಿದ ಲಕ್ಷಣಗಳಿಗೆ ಸಮಯ ಇದೆ. ಒಂದೊಂದಾಗಿ ನೋಡೋಣ.

ಕೆರೆತ ಎಲ್ಲಿದೆ?

ನಾಯಿ ಮೈಯ ಯಾವ ಭಾಗ ಕೆರೆಯುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. ಒಂದು ವಾರ ಸುಮ್ನೆ ಗಮನಿಸಿ ಬರೆದಿಡಿ.

ಬಾಲದ ಬುಡ, ಸೊಂಟ, ಹಿಂದೊಡೆ ಕಚ್ಚಿಕೊಳ್ಳುತ್ತಿದ್ದರೆ ಮೊದಲ ಅನುಮಾನ ಚಿಗಟದ ಮೇಲೆ. ಚಿಗಟದ ಎಂಜಲಿಗೆ ಅಲರ್ಜಿ ಇರುವ ನಾಯಿಗೆ ಕೆಲವೇ ಕಡಿತ ಸಾಕು, ದಿನಗಟ್ಟಲೆ ಕೆರೆಯುತ್ತದೆ. ನಿಮ್ಮ ಕಣ್ಣಿಗೆ ಒಂದು ಚಿಗಟವೂ ಬೀಳದೆ ಇರಬಹುದು. ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಹಾಕಿ. ಸುತ್ತ ಕೆಂಪು ಕಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಏನೂ ಸಿಗದಿದ್ದರೂ ಚಿಗಟದ ಔಷಧಿಯನ್ನು ತಪ್ಪದೆ ನಡೆಸಿ. ಈ ಕಾರಣವನ್ನು ಪಟ್ಟಿಯಿಂದ ತೆಗೆಯದೆ ಮುಂದೆ ಹೋದರೆ, ಕೆಳಗೆ ಹೇಳುವ ಎಂಟು ವಾರದ ಪಥ್ಯ ದಂಡ.

ಕಿವಿ, ಪಾದ, ಮುಖ, ಕಂಕುಳು, ತೊಡೆಸಂದು, ಗುದದ ಸುತ್ತ ಕೆರೆತ ಇದ್ದರೆ ಎರಡು ಸಾಧ್ಯತೆ. ಒಂದು ಧೂಳಿನ ನುಸಿ, ಹೂವಿನ ಪರಾಗ ಮುಂತಾದ ಪರಿಸರದ ಅಲರ್ಜಿ. ಇನ್ನೊಂದು ಆಹಾರದ ಅಲರ್ಜಿ. ನೋಡಿ ಹೇಳುವುದಾದರೆ ಪರಿಣತ ವೈದ್ಯರಿಗೂ ಇವೆರಡನ್ನು ಬೇರೆ ಮಾಡಲು ಆಗುವುದಿಲ್ಲ. ಸುಳಿವುಗಳು ಮಾತ್ರ ಇವೆ. ಪರಿಸರದ ಅಲರ್ಜಿ ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ಶುರುವಾಗುತ್ತದೆ, ಎಷ್ಟೋ ಸಲ ಋತುವಿನ ಜೊತೆ ಏರಿಳಿಯುತ್ತದೆ. ಆಹಾರದ್ದು ವರ್ಷವಿಡೀ ಒಂದೇ ಸಮನೆ ಇರುತ್ತದೆ. ಆರು ತಿಂಗಳಿಗೂ ಮೊದಲು ಅಥವಾ ಇಳಿವಯಸ್ಸಲ್ಲಿ ಹೊಸದಾಗಿ ಶುರುವಾದರೆ, ಇಲ್ಲವೇ ಕೆರೆತದ ಜೊತೆ ಹೊಟ್ಟೆಯ ತೊಂದರೆಯೂ ಇದ್ದರೆ ಆಹಾರದ ಮೇಲೆ ಅನುಮಾನ ಜಾಸ್ತಿ. ಕೆಲವು ನಾಯಿಗಳಲ್ಲಿ ಬೇರೇನೂ ಇಲ್ಲದೆ, ಮತ್ತೆ ಮತ್ತೆ ಬರುವ ಕಿವಿಯ ಸೋಂಕೊಂದೇ ಲಕ್ಷಣ.

‘ಇದೇ ಆಹಾರ ಮೂರು ವರ್ಷದಿಂದ ತಿನ್ನುತ್ತಿದೆ, ಹಾಗಾಗಿ ಅದು ಕಾರಣ ಇರಲಾರದು’ ಅಂತ ತುಂಬಾ ಜನ ಹೇಳುತ್ತಾರೆ. ಅಲರ್ಜಿ ಕೆಲಸ ಮಾಡುವುದು ಹಾಗಲ್ಲ. ದೇಹ ಒಂದು ಪ್ರೋಟೀನನ್ನು ಮತ್ತೆ ಮತ್ತೆ ಕಂಡು, ಒಂದು ಹಂತದಲ್ಲಿ ಅದನ್ನು ಶತ್ರು ಅಂತ ಗುರುತು ಹಾಕಿಕೊಳ್ಳುತ್ತದೆ. ವರ್ಷಗಳಿಂದ ತಿಂದ ಆಹಾರವೇ ಕಾರಣ ಆಗುವುದು ಮಾಮೂಲಿ.

ಇನ್ನೊಂದು ಮಾತು. ಚರ್ಮ ಎಣ್ಣೆಯೆಣ್ಣೆಯಾಗಿ ಕಮಟು ವಾಸನೆ ಬರುತ್ತಿದ್ದರೆ, ಗುಳ್ಳೆ ಅಥವಾ ಪೊರೆ ಎದ್ದಿದ್ದರೆ, ಯೀಸ್ಟ್ ಅಥವಾ ಬ್ಯಾಕ್ಟೀರಿಯಾದ ಸೋಂಕು ಕೂತಿದೆ. ಮೂಲ ಕಾರಣ ಯಾವುದೇ ಇರಲಿ, ಈ ಸೋಂಕೇ ಕೆರೆತ ತರುತ್ತದೆ. ಅದಕ್ಕೆ ಮೊದಲು ಚಿಕಿತ್ಸೆ ಆಗಬೇಕು.

ಮಲ ಏನು ಹೇಳುತ್ತದೆ?

ಇದನ್ನು ನೋಡಲು ಅಸಹ್ಯ ಪಡಬೇಡಿ. ಫೋಟೊ ತೆಗೆದಿಟ್ಟುಕೊಳ್ಳಿ. ವೈದ್ಯರಿಗೆ ನಿಮ್ಮ ವರ್ಣನೆಗಿಂತ ಫೋಟೊ ಜಾಸ್ತಿ ಉಪಯೋಗ.

ಸ್ವಲ್ಪ ಸ್ವಲ್ಪವೇ, ದಿನಕ್ಕೆ ಐದಾರು ಸಲ, ಮುಕ್ಕರಿದು, ಲೋಳೆ ಸಹಿತ, ಕೊನೆಯಲ್ಲಿ ತಾಜಾ ರಕ್ತದ ಗೆರೆ. ಇದು ದೊಡ್ಡ ಕರುಳಿನ ತೊಂದರೆ. ತೂಕ ಅಷ್ಟಾಗಿ ಇಳಿಯುವುದಿಲ್ಲ. ಜಂತುಹುಳ, ಜಿಯಾರ್ಡಿಯಾ ಎಂಬ ಪರಾವಲಂಬಿ, ಕಂಡಿದ್ದೆಲ್ಲ ತಿಂದಿದ್ದು, ಮನಸ್ಸಿನ ಒತ್ತಡ ಎಲ್ಲವೂ ಕಾರಣ ಆಗಬಹುದು. ಇಲ್ಲಿ ಆಹಾರದಲ್ಲಿ ನೀರಲ್ಲಿ ಕರಗುವ ನಾರು ಸ್ವಲ್ಪ ಹೆಚ್ಚಿಸಿದರೆ ಎಷ್ಟೋ ನಾಯಿಗಳಿಗೆ ಗುಣ ಕಾಣುತ್ತದೆ. ಇಸಬ್ಗೋಲ್ ಹೊಟ್ಟು ಅದಕ್ಕೊಂದು ಉದಾಹರಣೆ. ಎಷ್ಟು ಅಂತ ವೈದ್ಯರನ್ನು ಕೇಳಿ, ನೀರು ಧಾರಾಳವಾಗಿ ಕೊಡಿ.

ಒಂದೇ ಸಲಕ್ಕೆ ರಾಶಿ ಹೋಗುತ್ತದೆ, ತೂಕ ಇಳಿಯುತ್ತಿದೆ, ಹೊಟ್ಟೆ ಗುಡುಗುಡು ಅನ್ನುತ್ತದೆ. ಇದು ಸಣ್ಣ ಕರುಳಿನದು, ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ನಾಯಿ ಹಸಿದ ಹಾಗೆ ತಿನ್ನುತ್ತಲೇ ಸೊರಗುತ್ತಿದ್ದರೆ, ಮಲ ತಿಳಿಬಣ್ಣದ್ದಾಗಿ ಜಿಡ್ಡುಜಿಡ್ಡಾಗಿದ್ದರೆ, ಮೇದೋಜೀರಕ ಗ್ರಂಥಿ ಜೀರ್ಣರಸ ಮಾಡುತ್ತಿಲ್ಲದೆ ಇರಬಹುದು. ಜರ್ಮನ್ ಶೆಫರ್ಡ್ ತಳಿಯಲ್ಲಿ ಇದು ಹೆಚ್ಚು. ರಕ್ತದ ಒಂದು ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಊಟದ ಜೊತೆ ಕಿಣ್ವದ ಪುಡಿ ಬೆರೆಸಿ ಕೊಟ್ಟರೆ ನಾಯಿ ಚೇತರಿಸಿಕೊಳ್ಳುತ್ತದೆ. ಇಂಥ ನಾಯಿಗೆ ‘ಸೆನ್ಸಿಟಿವ್ ಸ್ಟಮಕ್’ ಅಂತ ಬರೆದ ಚೀಲ ತಂದು ತಿಂಗಳುಗಟ್ಟಲೆ ಕಾದರೆ ಏನೂ ಆಗುವುದಿಲ್ಲ.

ನಸುಕಿನಲ್ಲಿ ಖಾಲಿ ಹೊಟ್ಟೆಯಲ್ಲಿ ಹಳದಿ ನೊರೆ ಕಕ್ಕಿ, ಆಮೇಲೆ ಆರಾಮಾಗಿ ಓಡಾಡುತ್ತದೆಯೇ? ಹೆಚ್ಚಿನ ಸಲ ಇದಕ್ಕೆ ಆಹಾರ ಬದಲಿಸಬೇಕಿಲ್ಲ. ಹೊಟ್ಟೆ ತುಂಬಾ ಹೊತ್ತು ಖಾಲಿ ಇದ್ದು ಪಿತ್ತ ಮೇಲೆ ಬಂದಿರುತ್ತದೆ. ದಿನದ ಪಾಲಿನಲ್ಲೇ ಸ್ವಲ್ಪ ಎತ್ತಿಟ್ಟು ಮಲಗುವ ಮುಂಚೆ ಕೊಡಿ.

ತೀರಾ ಸರಳ ಕಾರಣಗಳು

ಇವನ್ನು ದಾಟಿ ನೇರ ‘ಅಲರ್ಜಿ’ಗೆ ಹೋಗುವವರೇ ಹೆಚ್ಚು.

ಅಳತೆ ಮಾಡಿ. ಅಳೆಯುವ ಲೋಟವನ್ನು ನಂಬಬೇಡಿ, ತೂಕದ ಯಂತ್ರದಲ್ಲಿ ಗ್ರಾಂ ನೋಡಿ. ಹೊಟ್ಟೆಗೆ ಜಾಸ್ತಿಯಾದರೂ ಮಲ ಸಡಿಲವಾಗುತ್ತದೆ. ಬೆಳಗ್ಗೆ ಗಟ್ಟಿಯಾಗಿದ್ದು ಸಂಜೆ ಹೊತ್ತಿಗೆ ಮೆತ್ತಗಾಗುವ ನಾಯಿಗೆ ಒಂದು ವಾರ ಹತ್ತರಲ್ಲಿ ಒಂದು ಪಾಲು ಕಡಿಮೆ ಹಾಕಿ ನೋಡಿ.

ಆಹಾರವನ್ನು ಒಂದೇ ದಿನದಲ್ಲಿ ಬದಲಿಸಿದ್ದೀರಾ? ಕರುಳಿನ ಸೂಕ್ಷ್ಮಜೀವಿಗಳು ಒಗ್ಗಿಕೊಳ್ಳಲು 7ರಿಂದ 10 ದಿನ ಬೇಕು. ಮೊದಲು ಕಾಲು ಭಾಗ ಹೊಸದು, ಎರಡು ಮೂರು ದಿನ ಬಿಟ್ಟು ಅರ್ಧ, ಆಮೇಲೆ ಮುಕ್ಕಾಲು, ಆಮೇಲೆ ಪೂರ್ತಿ. ಹೊಟ್ಟೆ ಸೂಕ್ಷ್ಮ ಇರುವ ನಾಯಿಗೆ ಎರಡು ವಾರ ತೆಗೆದುಕೊಂಡರೂ ತಪ್ಪಿಲ್ಲ.

ಹಾಲು ಕೊಡುತ್ತೀರಾ? ಮರಿ ವಯಸ್ಸು ದಾಟಿದ ನಾಯಿಗಳಲ್ಲಿ ಹಾಲಿನ ಸಕ್ಕರೆ ಒಡೆಯುವ ಕಿಣ್ವ ಕಡಿಮೆ. ಭೇದಿಯಾದರೆ ಅದು ಅಲರ್ಜಿ ಅಲ್ಲ, ಒಗ್ಗದಿರುವುದು. ಅಲರ್ಜಿಯಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಪ್ರೋಟೀನಿನ ಮೇಲೆ ಬೀಳುತ್ತದೆ, ಚೂರು ಸಾಕು. ಒಗ್ಗದಿರುವುದರಲ್ಲಿ ಪ್ರಮಾಣದ ಲೆಕ್ಕ, ಸ್ವಲ್ಪ ಕೊಟ್ಟರೆ ತಡೆದುಕೊಳ್ಳುತ್ತದೆ, ಜಾಸ್ತಿಯಾದರೆ ಕೆಡುತ್ತದೆ. ಮನೆಯಲ್ಲಿ ಎಲ್ಲದಕ್ಕೂ ನಾವು ‘ಅಲರ್ಜಿ’ ಅಂತಲೇ ಹೇಳುತ್ತೇವೆ. ಆದರೆ ಇವೆರಡಕ್ಕೆ ಪರಿಹಾರ ಬೇರೆ ಬೇರೆ.

ತಿಂಡಿ, ಬಿಸ್ಕತ್ತು, ಅಗಿಯುವ ಕಡ್ಡಿ ಎಲ್ಲ ಸೇರಿ ದಿನದ ಶಕ್ತಿಯ 10% ಮೀರಬಾರದು. ಜೊತೆಗೆ ಮಲ ಪರೀಕ್ಷೆ ಮಾಡಿಸಿ. ಜಿಯಾರ್ಡಿಯಾ ಪ್ರತಿ ಮಲದಲ್ಲೂ ಸಿಗುವುದಿಲ್ಲ, ಹಾಗಾಗಿ ಎರಡು ಮೂರು ದಿನದ ಮಾದರಿ ಕೊಡುವುದು ಒಳ್ಳೆಯದು.

ರಕ್ತ, ಎಂಜಲು, ಕೂದಲು ಕಳಿಸಿದರೆ ‘ನಿಮ್ಮ ನಾಯಿಗೆ ಇಂತಿಂಥ ಆಹಾರ ಆಗುವುದಿಲ್ಲ’ ಅಂತ ಪಟ್ಟಿ ಕಳಿಸುವ ಪರೀಕ್ಷೆಗಳಿವೆ. ಆಹಾರದ ಅಲರ್ಜಿಯ ಮಟ್ಟಿಗೆ ಇವನ್ನು ನಂಬಲು ಆಗುವುದಿಲ್ಲ. ಆರೋಗ್ಯವಾಗಿರುವ ನಾಯಿಯ ಮಾದರಿ ಕಳಿಸಿದರೂ ‘ಅಲರ್ಜಿ ಇದೆ’ ಅಂತ ಬಂದ ಉದಾಹರಣೆಗಳಿವೆ. ಆ ಹಣವನ್ನು ಮುಂದಿನ ಹಂತಕ್ಕೆ ಉಳಿಸಿ.

ಎಂಟು ವಾರದ ಪಥ್ಯ

ಆಹಾರದ ಅಲರ್ಜಿಯನ್ನು ಖಚಿತ ಮಾಡಲು ಇರುವ ದಾರಿ ಇದೊಂದೇ. ಅನುಮಾನ ಇರುವ ಎಲ್ಲವನ್ನೂ ನಿಲ್ಲಿಸಿ, ಅಲರ್ಜಿ ತರಲಾರದ ಒಂದೇ ಆಹಾರವನ್ನು ಎಂಟು ವಾರ ಕೊಡುವುದು. ಹೊಟ್ಟೆಯ ಲಕ್ಷಣಗಳು ಎರಡು ಮೂರು ವಾರದಲ್ಲೇ ತಿಳಿಯಾಗುತ್ತವೆ. ಚರ್ಮ ನಿಧಾನ. ಅಲರ್ಜಿ ಇರುವ ನಾಯಿಗಳಲ್ಲಿ 90%ಕ್ಕಿಂತ ಹೆಚ್ಚಿನವು ಎಂಟು ವಾರದೊಳಗೆ ಸುಧಾರಿಸುತ್ತವೆ. ಮೂರನೆಯ ವಾರಕ್ಕೆ ‘ಏನೂ ಆಗಲಿಲ್ಲ’ ಅಂತ ಬಿಟ್ಟರೆ ಏನನ್ನೂ ತಿಳಿದ ಹಾಗಾಗಲಿಲ್ಲ.

ಪಥ್ಯಕ್ಕೆ ಎರಡು ಬಗೆಯ ಆಹಾರ ಇದೆ.

ಮೊದಲನೆಯದು ಹೈಡ್ರೊಲೈಸ್ಡ್ ಆಹಾರ. ಇದರಲ್ಲಿ ಪ್ರೋಟೀನನ್ನು ಕಿಣ್ವಗಳಿಂದ ಸಣ್ಣ ಸಣ್ಣ ತುಂಡಾಗಿ ಒಡೆದಿರುತ್ತಾರೆ. ತುಂಡು ಎಷ್ಟು ಚಿಕ್ಕದೆಂದರೆ ರಕ್ಷಣಾ ವ್ಯವಸ್ಥೆಗೆ ಅದು ಯಾವ ಪ್ರೋಟೀನ್ ಅಂತ ಗುರುತು ಸಿಗುವುದಿಲ್ಲ. ವೈದ್ಯರು ಬರೆದುಕೊಡುವ ಆಹಾರ ಇದು, ದುಬಾರಿ. ಒಡೆಯುವುದು ಪೂರ್ತಿಯಾಗದಿದ್ದರೆ ಕೆಲವು ನಾಯಿಗಳು ಇದಕ್ಕೂ ಕೆರೆಯುತ್ತವೆ. ಹಾಗಾಗಿ ಕೋಳಿಯ ಮೇಲೆ ಅನುಮಾನ ಇದ್ದರೆ ಕೋಳಿಯಿಂದ ಮಾಡಿದ ಹೈಡ್ರೊಲೈಸ್ಡ್ ಆಹಾರ ಬಿಟ್ಟು, ಸೋಯಾ ಅಥವಾ ಮೀನಿನದನ್ನು ಕೇಳಿ.

ಎರಡನೆಯದು ಹೊಸ ಪ್ರೋಟೀನ್. ನಾಯಿ ಹುಟ್ಟಿದಾಗಿನಿಂದ ತಿಂದೇ ಇಲ್ಲದ ಮಾಂಸ. ಇಲ್ಲಿ ‘ಹೊಸದು’ ಅನ್ನುವುದು ನಿಮ್ಮ ನಾಯಿಗೆ ಹೊಸದು, ಅಂಗಡಿಗಲ್ಲ. ಅದಕ್ಕೆ ಈವರೆಗೆ ತಿಂದದ್ದೆಲ್ಲ ನೆನಪಿಸಿಕೊಂಡು ಪಟ್ಟಿ ಮಾಡಿ, ಬಿಸ್ಕತ್ತು ಸಹಿತ. ಹತ್ತಿರದ ಸಂಬಂಧಿ ಪ್ರಾಣಿಗಳ ಮಾಂಸವೂ ತೊಂದರೆ ಕೊಡಬಹುದು. ಕೋಳಿ ಆಗದ ನಾಯಿಗೆ ಬಾತು, ಟರ್ಕಿ ಕೋಳಿ ಬೇಡ. ದನದ ಮಾಂಸ ಆಗದಿದ್ದರೆ ಕುರಿ, ಜಿಂಕೆ ಬೇಡ.

ಯಾವುದರ ಮೇಲೆ ಅನುಮಾನ ಪಡಬೇಕು? 297 ನಾಯಿಗಳ ದಾಖಲೆ ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ಒಂದು ವಿಮರ್ಶೆಯಲ್ಲಿ ದನದ ಮಾಂಸ 34%, ಹಾಲಿನ ಪದಾರ್ಥ 17%, ಕೋಳಿ 15%, ಗೋಧಿ 13% ನಾಯಿಗಳಿಗೆ ಆಗುತ್ತಿರಲಿಲ್ಲ. ಅಕ್ಕಿ, ಮೀನು ಪಟ್ಟಿಯಲ್ಲಿ ತುಂಬಾ ಕೆಳಗೆ. ಒಂದು ನಾಯಿಗೆ ಎರಡು ಮೂರು ಪದಾರ್ಥ ಆಗದಿರುವುದೂ ಉಂಟು.

ಅಂಗಡಿಯಲ್ಲಿ ಸುಲಭವಾಗಿ ಸಿಗುವ ‘ಒಂದೇ ಮಾಂಸ’ದ ಆಹಾರಗಳನ್ನು ಪಥ್ಯಕ್ಕೆ ಬಳಸಬೇಡಿ ಅಂತಲೇ ನಾನು ಹೇಳುತ್ತೇನೆ. ಒಂದೇ ಯಂತ್ರದಲ್ಲಿ ಹಲವು ಬಗೆ ತಯಾರಾಗುವುದರಿಂದ, ಪಟ್ಟಿಯಲ್ಲಿ ಇಲ್ಲದ ಮಾಂಸ ಪರೀಕ್ಷೆಯಲ್ಲಿ ಸಿಕ್ಕಿದ್ದು ಒಂದೆರಡು ಸಲ ಅಲ್ಲ. ಪಥ್ಯ ಮುಗಿದು, ಯಾವುದು ಆಗುವುದಿಲ್ಲ ಅಂತ ಗೊತ್ತಾದ ಮೇಲೆ ಅವನ್ನು ಪ್ರಯತ್ನಿಸಬಹುದು.

ಈಗ ಪಥ್ಯ ಕೆಡುವ ಜಾಗಗಳು. ಬೆಳ್ಳಿಯ ಮೊದಲ ಪಥ್ಯ ಐದನೆಯ ವಾರದಲ್ಲಿ ಕೆಟ್ಟಿತು. ಚೆನ್ನಾಗಿ ಆರುತ್ತಿದ್ದ ಪಾದ ಎರಡೇ ದಿನದಲ್ಲಿ ಮತ್ತೆ ಕೆಂಪಾಯಿತು. ಡೈರಿ ತಿರುಗಿಸಿ ನೋಡಿದರೆ ಹಿಂದಿನ ದಿನ ತಿಂಗಳ ಹುಳದ ಮಾತ್ರೆ ಕೊಟ್ಟಿದ್ದೆ. ಮಾಂಸದ ರುಚಿ ಹಾಕಿದ, ಅಗಿಯುವ ಮಾತ್ರೆ. ಔಷಧಿಯೂ ಆಹಾರವೇ ಅನ್ನುವುದು ನನಗೆ ಹೊಳೆದಿರಲಿಲ್ಲ. ಹೀಗೆ ನುಸುಳುವವು ಇನ್ನೂ ಇವೆ: ಜೆಲಾಟಿನ್ ಹೊದಿಕೆಯ ಕ್ಯಾಪ್ಸೂಲ್, ಕೋಳಿ ರುಚಿಯ ಟೂತ್‌ಪೇಸ್ಟ್, ಮಾತ್ರೆ ಮುಚ್ಚಿ ಕೊಡುವ ಚೀಸ್, ಒಣ ಚರ್ಮದ ಮೂಳೆ, ಬೆಕ್ಕಿನ ಬಟ್ಟಲು, ಊಟದ ಮೇಜಿನ ಕೆಳಗೆ ಬಿದ್ದದ್ದು, ಮಗುವಿನ ಅಂಟು ಕೈ. ರುಚಿ ಇಲ್ಲದ ಮಾತ್ರೆ ಅಥವಾ ಬೆನ್ನಿಗೆ ಹಚ್ಚುವ ಔಷಧಿ ಕೊಡಿ ಅಂತ ವೈದ್ಯರನ್ನು ಕೇಳಿ. ಔಷಧಿಯನ್ನೇ ನಿಲ್ಲಿಸಬೇಡಿ.

ಮನೆಯವರನ್ನು ಒಪ್ಪಿಸುವುದು ಇನ್ನೂ ಕಷ್ಟ. ನಮ್ಮಮ್ಮನಿಗೆ ಬೆಳ್ಳಿಗೆ ತನ್ನ ತಟ್ಟೆಯಿಂದ ಒಂದು ಚೂರು ಕೊಡದಿದ್ದರೆ ಊಟ ಇಳಿಯುತ್ತಿರಲಿಲ್ಲ. ‘ಇಷ್ಟೇ ಇಷ್ಟಕ್ಕೆ ಏನಾಗುತ್ತೆ’ ಅನ್ನುತ್ತಿದ್ದರು. ಬೈದರೆ ಕದ್ದು ಕೊಡುತ್ತಿದ್ದರು. ಕೊನೆಗೆ ಪಥ್ಯದ ಆಹಾರವನ್ನೇ ಒಂದು ಡಬ್ಬಿಯಲ್ಲಿ ತುಂಬಿ ‘ಅಮ್ಮ, ಇದು ನೀವು ಕೊಡುವ ತಿಂಡಿ, ದಿನಕ್ಕೆ ಇಪ್ಪತ್ತು ಕಾಳು’ ಅಂತ ಅವರ ಪಕ್ಕದಲ್ಲಿಟ್ಟೆ. ಎರಡನೆಯ ಪಥ್ಯ ಪೂರ್ತಿಯಾಗಿದ್ದು ಆ ಡಬ್ಬಿಯಿಂದ. ಕೊಡುವ ಖುಷಿಯನ್ನು ಕಿತ್ತುಕೊಂಡರೆ ಯಾರೂ ಒಪ್ಪುವುದಿಲ್ಲ, ಅಲ್ವಾ?

ಕೆರೆತ ತಡೆಯಲಾರದಷ್ಟಿದ್ದರೆ ವೈದ್ಯರು ಶುರುವಿನಲ್ಲಿ ಸ್ಟೀರಾಯ್ಡ್ ಅಥವಾ ಬೇರೆ ಕೆರೆತದ ಮಾತ್ರೆ ಕೊಡಬಹುದು. ಕೊಡಿಸಿ, ನಾಯಿ ಸುಮ್ಮನೆ ನರಳಬೇಕಾಗಿಲ್ಲ. ಆದರೆ ಕೊನೆಯ ಕೆಲವು ವಾರ ಮಾತ್ರೆ ಇಲ್ಲದೆ ನೋಡಬೇಕು. ಇಲ್ಲದಿದ್ದರೆ ಗುಣ ಆಹಾರದ್ದೋ ಮಾತ್ರೆಯದ್ದೋ ತಿಳಿಯುವುದಿಲ್ಲ.

ಎಂಟು ವಾರವನ್ನು ಹಳೆಯ ಆಹಾರ ಪೂರ್ತಿ ನಿಂತ ದಿನದಿಂದ ಎಣಿಸಿ. ಪ್ರತಿ ರಾತ್ರಿ ಕೆರೆತಕ್ಕೆ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕ, ಮಲ ಹೇಗಿತ್ತು ಅನ್ನುವುದಕ್ಕೆ ಒಂದು ಸಾಲು. ಇಷ್ಟು ಸಾಕು.

ಮರಳಿ ಕೊಟ್ಟು ನೋಡುವುದು

ನಾಯಿ ಗುಣವಾದ ಮೇಲೆ ಈ ಹಂತ ಯಾರಿಗೂ ಬೇಡ. ನನಗೂ ಬೇಡವಾಗಿತ್ತು. ಆದರೆ ಋತು ಬದಲಾಗಿದ್ದರಿಂದ, ಚಿಗಟದ ಔಷಧಿಯಿಂದ, ಸೋಂಕು ವಾಸಿಯಾದ್ದರಿಂದಲೂ ಗುಣ ಬಂದಿರಬಹುದು. ಹಳೆಯ ಆಹಾರ ಮತ್ತೆ ಕೊಟ್ಟಾಗ ಲಕ್ಷಣ ಮರಳಿದರೆ ಮಾತ್ರ ಅಲರ್ಜಿ ಖಚಿತ. ಕೆಲವು ನಾಯಿಗಳಲ್ಲಿ ಗಂಟೆಗಳಲ್ಲೇ ಮರಳುತ್ತದೆ, ಹೆಚ್ಚೆಂದರೆ ಎರಡು ವಾರ. ಮರಳಿದ ಕೂಡಲೇ ನಿಲ್ಲಿಸಿ ಪಥ್ಯಕ್ಕೆ ಬನ್ನಿ. ಹಿಂದೆ ಮುಖ ಊದಿಕೊಂಡಿದ್ದ ನಾಯಿಯಲ್ಲಿ ಇದನ್ನು ಮನೆಯಲ್ಲಿ ಮಾಡಬೇಡಿ.

ಆಮೇಲೆ ಒಂದೊಂದೇ ಪದಾರ್ಥ, ತಲಾ ಎರಡು ವಾರ. ಬೆಳ್ಳಿಗೆ ಬೇಯಿಸಿದ ಕೋಳಿ ಕೊಟ್ಟ ನಾಲ್ಕನೆಯ ದಿನ ಕಿವಿ ಕೆಂಪಾಯಿತು. ಮೊಟ್ಟೆಗೆ ಏನೂ ಆಗಲಿಲ್ಲ. ಗೋಧಿಗೂ ಏನೂ ಆಗಲಿಲ್ಲ. ಅಂದರೆ ನಾನು ವರ್ಷವಿಡೀ ಧಾನ್ಯದ ಮೇಲೆ ಅನುಮಾನ ಪಟ್ಟದ್ದು ತಪ್ಪು.

ಎಂಟು ವಾರ ಕಟ್ಟುನಿಟ್ಟಾಗಿ ನಡೆಸಿಯೂ ಕೆರೆತ ಇಳಿಯದಿದ್ದರೆ ಪರಿಸರದ ಅಲರ್ಜಿಯ ಕಡೆ ತಿರುಗಿ. ಅದರ ಚಿಕಿತ್ಸೆ ಬೇರೆ. ಹೊಟ್ಟೆ ಸರಿಯಾಗದಿದ್ದರೆ ಸ್ಕ್ಯಾನ್, ಬಿ12 ಮಟ್ಟ, ಬೇಕಾದರೆ ಕರುಳಿನ ಬಯಾಪ್ಸಿ.

ಈಗ ಚೀಲ ಆರಿಸಿ

ಚೀಲದ ಮುಂಭಾಗವನ್ನು ಮರೆತು ಹಿಂಭಾಗ ಓದಿ. ಅಮೆರಿಕದ ಮಾದರಿ ನಿಯಮಗಳಲ್ಲಿ ‘ವಿತ್ ಲ್ಯಾಂಬ್’ ಅಂತ ಬರೆಯಲು ಕುರಿ ಮಾಂಸ 3% ಇದ್ದರೆ ಸಾಕು. ‘ಫ್ಲೇವರ್’ ಅಂತ ಬರೆಯಲು ರುಚಿ ಗೊತ್ತಾದರೆ ಸಾಕು. ಪದಾರ್ಥಗಳ ಪಟ್ಟಿ ತೂಕದ ಇಳಿಕೆಯ ಕ್ರಮದಲ್ಲಿರುತ್ತದೆ, ಆ ತೂಕದಲ್ಲಿ ನೀರೂ ಸೇರಿರುತ್ತದೆ. ಹಸಿ ಮಾಂಸ ಮೊದಲ ಸ್ಥಾನದಲ್ಲಿದ್ದರೂ ಅದರ ಮುಕ್ಕಾಲು ಪಾಲಿನ ಹತ್ತಿರ ನೀರೇ. ಅಲರ್ಜಿ ಇರುವ ನಾಯಿಯ ಮನೆಯವರು ಪಟ್ಟಿಯನ್ನು ಕೊನೆಯ ಹೆಸರಿನವರೆಗೂ ಓದಬೇಕು. ‘ಪ್ರಾಣಿ ಕೊಬ್ಬು’, ‘ಪೌಲ್ಟ್ರಿ ಮೀಲ್’, ‘ಡೈಜೆಸ್ಟ್’ ಅಂತ ಪ್ರಾಣಿಯ ಹೆಸರಿಲ್ಲದೆ ಇದ್ದರೆ ಕೆಳಗಿಡಿ.

ಕೊಬ್ಬು ತಡೆಯದ ಹೊಟ್ಟೆಗೆ ಆರಿಸುವಾಗ ನೀರು ಕಳೆದು ಲೆಕ್ಕ ಹಾಕಿ. ಒಣ ಆಹಾರದಲ್ಲಿ ಕೊಬ್ಬು 12%, ತೇವ 10% ಅಂತಿದ್ದರೆ 12ನ್ನು 90ರಿಂದ ಭಾಗಿಸಿ, ಸುಮಾರು 13% ಬರುತ್ತದೆ. ಡಬ್ಬಿಯ ಆಹಾರದಲ್ಲಿ ಕೊಬ್ಬು 5%, ತೇವ 78% ಇದ್ದರೆ 5ನ್ನು 22ರಿಂದ ಭಾಗಿಸಿ, ಸುಮಾರು 23%. ಕಡಿಮೆ ಅಂತ ಕಂಡದ್ದೇ ಜಾಸ್ತಿ.

ಧಾನ್ಯ ಇಲ್ಲದ ಆಹಾರದ ಬಗ್ಗೆ ನನ್ನ ಅಭಿಪ್ರಾಯ ನೇರ. ಗೋಧಿ ಆಗುವುದಿಲ್ಲ ಅಂತ ಖಚಿತವಾಗಿದ್ದರೆ ಗೋಧಿ ಬಿಡಿ, ಅಕ್ಕಿ ಯಾಕೆ ಬಿಡಬೇಕು? ಬಟಾಣಿ, ಮಸೂರ, ಆಲೂಗಡ್ಡೆ ಹೆಚ್ಚಿರುವ ಇಂಥ ಆಹಾರಕ್ಕೂ, ಹೃದಯದ ಸ್ನಾಯು ಹಿಗ್ಗಿ ಬಲ ಕಳೆದುಕೊಳ್ಳುವ ಕಾಯಿಲೆಗೂ ನಂಟಿದೆಯೇ ಅಂತ ಅಮೆರಿಕದ ಆಹಾರ ಮತ್ತು ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ತನಿಖೆ ಶುರುಮಾಡಿತು. ಇದೇ ಕಾರಣ ಅಂತ ಸಾಬೀತಾಗಿಲ್ಲ. ಆದರೂ ಅಗತ್ಯ ಇಲ್ಲದೆ ಆ ದಾರಿ ಹಿಡಿಯಲು ನಾನು ಹೇಳುವುದಿಲ್ಲ.

ಮನೆಯಲ್ಲೇ ಬೇಯಿಸಿ ಹಾಕುವ ಆಸೆ ಒಳ್ಳೆಯದು. ಹೊಟ್ಟೆ ಕೆಟ್ಟಾಗ ಎರಡು ಮೂರು ದಿನಕ್ಕೆ ಅನ್ನ, ಕೊಬ್ಬಿಲ್ಲದ ಮಾಂಸ ಸಾಕು. ತಿಂಗಳುಗಟ್ಟಲೆ ಅದನ್ನೇ ಕೊಟ್ಟರೆ ಕ್ಯಾಲ್ಸಿಯಂ, ಸತು, ವಿಟಮಿನ್‌ಗಳ ಕೊರತೆ ಖಂಡಿತ. ಮರಿಗಳಲ್ಲಿ ಮೂಳೆಯೇ ಬಾಗುತ್ತದೆ. ಪಶು ಪೋಷಣೆ ತಿಳಿದ ವೈದ್ಯರಿಂದ ಅಳತೆ ಬರೆಸಿಕೊಳ್ಳಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಜೈಲಿಟಾಲ್ ಎಂಬ ಸಿಹಿ ಯಾವತ್ತೂ ಬೇಡ.

ಒಗ್ಗುವ ಆಹಾರ ಸಿಕ್ಕ ಮೇಲೆ ಅದರ ಹಿಂಬದಿಯ ಪಟ್ಟಿಯ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಚೀಲದ ಚಿತ್ರ, ಬಣ್ಣ, ಹೆಸರು ಹಾಗೇ ಇದ್ದು ಒಳಗಿನ ಪದಾರ್ಥ ಬದಲಾಗುವುದುಂಟು. ನಾನು ಪ್ರತಿ ಹೊಸ ಚೀಲ ತಂದಾಗಲೂ ಬಾಯಿ ಬಿಚ್ಚುವ ಮೊದಲು ಆ ಫೋಟೊ ಪಕ್ಕದಲ್ಲಿಟ್ಟು ಓದುತ್ತೇನೆ. ಬೆಳ್ಳಿ ಬಟ್ಟಲಿನ ಹತ್ತಿರ ಕೂತು ಕಾಯುತ್ತಾಳೆ.